ಅಯ್ಯನವರು ಕೊಟ್ಟ ಒಂದು ಗ್ರೀಕ್ ಪದ

ನನಗೆ ಗ್ರೀಕ್ ಭಾಷೆಯಲ್ಲಿ ಒಂದೇ ಒಂದು ಪದ ಗೊತ್ತು. ಇಂಗ್ಲಿಷ್ ನೆಟ್ಟಗೆ ಬರುವುದಿಲ್ಲ. ಹಿಂದಿ, ಉತ್ತರದ ಕೊಬ್ಬರಿ ವ್ಯಾಪಾರಿಗಳ ಜೊತೆ ಫೋನಿನಲ್ಲಿ ಜಗಳವಾಡುವಷ್ಟು ಬರುತ್ತದೆ. ಗ್ರೀಕ್‌ನಲ್ಲಿ ಮಾತ್ರ ಒಂದು ಪದವನ್ನು ಬುಡದಿಂದ ತುದಿಯವರೆಗೆ ಬಲ್ಲೆ. ಅರಸೀಕೆರೆ ಮಾರುಕಟ್ಟೆಯಲ್ಲಿ ಇದನ್ನು ಹೇಳಿದರೆ ನಗುತ್ತಾರೆ. ನಗಲಿ. ಅವರಿಗೆ ಅದೂ ಗೊತ್ತಿಲ್ಲ.

ಪದ ‘ದೊಕ್ಸ’. ಕ್ರೈಸ್ತರ ಬೈಬಲ್ಲು ಕನ್ನಡಕ್ಕೆ ಬಂದಾಗ ಅದನ್ನು ‘ಮಹಿಮೆ’ ಎಂದು ಹಾಕಿದರಂತೆ. ನನಗೆ ಅದನ್ನು ಕೊಟ್ಟವರು ನಮ್ಮ ಮಂಡಿಯ ಹಿಂದಿನ ಬೀದಿಯ ಚರ್ಚಿನಲ್ಲಿ ಪಾದ್ರಿಯಾಗಿದ್ದ ಅಯ್ಯನವರು. ಅವರು ತೀರಿಕೊಂಡು ಈಗ ಐದು ತಿಂಗಳು. ಹೆಸರು ಬರೆಯುವುದಿಲ್ಲ. ಚರ್ಚಿನ ಗೋಡೆಗೆ ಅವರ ಹೆಸರಿನ ಕಲ್ಲು ಹಾಕಿಸೋಣ ಎಂದು ಸಭೆಯವರು ಕೇಳಿದಾಗ “ಗೋಡೆಗೆ ಸುಣ್ಣ ಹೊಡೆಸಿ, ಸಾಕು” ಎಂದಿದ್ದ ಮನುಷ್ಯ. ಕಾಗದದ ಮೇಲೆ ಹಾಕಿದರೂ ಅದನ್ನೇ ಹೇಳುತ್ತಿದ್ದರು.

ನಾನು ಆ ಮತದವನಲ್ಲ. ರಾಗಿ, ತೆಂಗು ಬೆಳೆಯುವ ಒಕ್ಕಲು ಮನೆಯವನು. ಹದಿನಾರನೇ ವಯಸ್ಸಿಗೆ ಬೇರೆಯವರ ಮಂಡಿಯಲ್ಲಿ ಕಾಯಿ ಸುಲಿಯಲು ಕುಳಿತವನು ಇವತ್ತು ಸ್ವಂತ ಮಂಡಿ ಇಟ್ಟಿದ್ದೇನೆ ಎಂದರೆ ಅದು ಓದಿನಿಂದಲ್ಲ, ಬಾಯಿಯಿಂದ. ಕೊಳ್ಳುವಾಗ ಹತ್ತು ಕುಂದು ಹುಡುಕಬೇಕು, ಮಾರುವಾಗ ಹನ್ನೊಂದು ಗುಣ ಹೇಳಬೇಕು. ಇದಿಷ್ಟು ಗೊತ್ತಿದ್ದರೆ ಯಾರಾದರೂ ಬದುಕಬಹುದು ಎಂದು ನಂಬಿದ್ದೆ. ಈಗಲೂ ಮುಕ್ಕಾಲು ಪಾಲು ನಂಬುತ್ತೇನೆ.

ಅಯ್ಯನವರು ಮೊದಲ ಸಲ ಮಂಡಿಗೆ ಬಂದದ್ದು ಯಾರದೋ ಮದುವೆ ಊಟಕ್ಕೆ ಕಾಯಿ ಬೇಕೆಂದು. ಎತ್ತರದ, ಒಣಕಲು ಆಸಾಮಿ. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಪಕ್ಕದಲ್ಲಿ ಒಂದು ಹಳೇ ಸೈಕಲ್. ನಾನು ರೂಢಿಯಂತೆ, ಕಡಿಮೆ ಮಾಡಿ ಎಂದು ಕೇಳುತ್ತಾರಲ್ಲ ಎಂದು, ಎರಡು ರೂಪಾಯಿ ಏರಿಸಿ ಹೇಳಿದೆ. ಅವರು ಜೇಬಿಗೆ ಕೈ ಹಾಕಿ ಕೊಟ್ಟೇಬಿಟ್ಟರು.

ನನಗೆ ಇರಿಸುಮುರಿಸಾಯಿತು. “ಅಯ್ಯನವರೇ, ಹಿಂಗೆ ಕೊಟ್ಬಿಟ್ರೆ ಹೆಂಗೆ? ಒಂದು ಮಾತು ಕೇಳ್ಬೇಕಪ್ಪ.”

“ಏನಂತ?”

“ಕಡಿಮೆ ಮಾಡ್ಕೊಳ್ಳಿ ಅಂತ.”

ಅವರು ನನ್ನನ್ನು ಪಾಪ ಎಂಬಂತೆ ನೋಡಿದರು. “ಯಾಕೆ, ನೀವು ಹೇಳಿದ್ದು ಸರಿಯಾದ ಬೆಲೆ ಅಲ್ವಾ ಸಾವ್ಕಾರ್ರೆ?”

ಅಷ್ಟು ವರ್ಷದ ವ್ಯಾಪಾರದಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಐದು ಕಾಯಿ ಹೆಚ್ಚಿಗೆ ಹಾಕಿ ಕಳಿಸಿದೆ. ಅರ್ಧ ಗಂಟೆಯ ಮೇಲೆ ಎರಡನ್ನು ವಾಪಸ್ ತಂದರು, ಚೀಲ ಹರಿಯುತ್ತಿದೆಯಂತೆ. ಓದುವವರಿಗೆ ಒಂದು ಬುದ್ಧಿಮಾತು ಹೇಳುತ್ತೇನೆ, ಕೇಳಿಟ್ಟುಕೊಳ್ಳಿ: ಚೌಕಾಸಿ ಮಾಡುವವರಿಗೆ ಹೆದರಬೇಡಿ. ಮಾಡದವರ ಹತ್ತಿರ ಹುಷಾರಾಗಿರಿ. ನಿಮ್ಮ ಕೈಯಿಂದ ಏನೇನು ಬಿಚ್ಚಿಸುತ್ತಾರೋ ಹೇಳಲಾಗದು.

ಸೈಕಲ್ ಎಂದೆನಲ್ಲ, ಅವರು ಅದನ್ನು ಹತ್ತುತ್ತಿರಲಿಲ್ಲ. ತಳ್ಳಿಕೊಂಡು ನಡೆಯುತ್ತಿದ್ದರು. ಹತ್ತಿದರೆ ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸಲು ಇಳಿಯಬೇಕು, ಇಳಿದು ಹತ್ತಿ ಇಳಿದು ಹತ್ತಿ ಮೊಣಕಾಲು ನೋಯುತ್ತದೆ ಎಂದು ಅವರ ಲೆಕ್ಕ. ಸೈಕಲ್ಲಿಗೆ ಒಂದು ಬಟ್ಟೆಯ ಚೀಲ ತೂಗುಹಾಕಿರುತ್ತಿದ್ದರು. ಅದರಲ್ಲಿ ಟವೆಲಿನಲ್ಲಿ ಸುತ್ತಿದ ಗ್ರೀಕ್ ಪುಸ್ತಕ, ಒಂದು ಉದ್ದನೆಯ ನೋಟ್‌ಬುಕ್ಕು, ಮತ್ತೆ ಯಾರ ಮನೆಯಲ್ಲೋ ಕೊಟ್ಟ ಕರಿಬೇವಿನ ಸೊಪ್ಪು. ನಗುವಾಗ ಸದ್ದು ಬರುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ಭಾನುವಾರದ ಉಪದೇಶ ಮುಗಿದ ಮೇಲೆ “ಇವತ್ತು ಪ್ರಸಂಗ ಬಾಳ ಚೆನ್ನಾಗಿತ್ತು ಅಯ್ಯನವರೇ” ಎಂದು ಯಾರಾದರೂ ಹೊಗಳಿದರೆ “ಸಂತೋಷ, ಯಾವ ಭಾಗ?” ಎಂದು ಕೇಳುತ್ತಿದ್ದರು. ಹೊಗಳಿದವರು ತಡವರಿಸುತ್ತಿದ್ದರು. ಆಗ ಭುಜ ಕುಣಿಯುತ್ತಿತ್ತು.

ಮಧ್ಯಾಹ್ನ ಮಂಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ಬಂದು ಖಾಲಿ ಚೀಲಗಳ ಮೇಲೆ ಕೂರುವುದು ಅವರಿಗೆ ಅಭ್ಯಾಸವಾಯಿತು. ಒಂದು ದಿನ ನಾನು, ರೈತರೊಬ್ಬರು ಅಟ್ಟದಿಂದ ಇಳಿಸಿ ತಂದಿದ್ದ ಒಡೆಯದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದೆ.

“ಏನು ಕೇಳಿಸ್ಕೊಳ್ತಾ ಇದ್ದೀರಿ?”

“ಒಳಗಿರೋ ಗಿಟುಕು ಚಿಪ್ಪು ಬಿಟ್ಟೈತಾ ಅಂತ. ಲೊಟಲೊಟ ಅಂದ್ರೆ ಒಣಗೈತೆ. ಮಾತಾಡ್ಲಿಲ್ಲ ಅಂದ್ರೆ ಒಳಗೆ ಇನ್ನೂ ನೀರೈತೆ.”

ನೋಟ್‌ಬುಕ್ಕು ತೆಗೆದು ಅದನ್ನು ಬರೆದುಕೊಂಡರು. ಕೊಬ್ಬರಿ ವ್ಯಾಪಾರ ಮಾಡುತ್ತೀರಾ ಎಂದು ಕೇಳಿದೆ. ಇಲ್ಲ, ಒಂದು ಪದದ ಬೆನ್ನು ಹತ್ತಿದ್ದೇನೆ, ಅದಕ್ಕೆ ಉಪಯೋಗಕ್ಕೆ ಬರಬಹುದು ಎಂದರು. ಆಗ ಹೊರಬಂತು ಈ ದೊಕ್ಸ. ನಮ್ಮ ಕಡೆ ಮಹಿಮೆ ಎಂದರೆ ಪವಾಡ ಎಂದುಕೊಳ್ಳುತ್ತಾರೆ, ಕಾಯಿಲೆ ವಾಸಿಯಾದರೆ ಮಹಿಮೆ, ಸೈಟು ಮಾರಾಟವಾದರೆ ಮಹಿಮೆ. ಮೂಲದಲ್ಲಿ ಹಾಗಿಲ್ಲ ಎಂಬುದು ಅವರ ಕೊರಗು.

“ಮೂಲದಲ್ಲಿ ಹೆಂಗೈತೆ?”

“ಹಳೇ ಗ್ರೀಕರಲ್ಲಿ ದೊಕ್ಸ ಅಂದ್ರೆ ಅನ್ನಿಸಿಕೆ. ಒಬ್ಬನ ಬಗ್ಗೆ ನಾಲ್ಕು ಜನ ಏನಂದ್ಕೊಂಡಿದ್ದಾರೆ ಅನ್ನೋದು. ಅದರಿಂದ ಹೆಸರು, ಕೀರ್ತಿ ಅಂತ ಆಯ್ತು.”

“ಅಂದ್ರೆ ಮಾರ್ಕೆಟ್ ರೇಟು.”

ಅಯ್ಯನವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. “ಹೆಚ್ಚುಕಡಿಮೆ ಅದೇ ಸಾವ್ಕಾರ್ರೆ.”

“ಹಂಗಾದ್ರೆ ಈ ಪದ ನನಗೆ ಮೊದಲಿಂದ ಗೊತ್ತು ಬಿಡಿ.”

“ಅರ್ಧ ಗೊತ್ತು,” ಎಂದರು. ಇನ್ನರ್ಧ ಏನು ಎಂದು ಕೇಳಿದರೆ ಎದ್ದು ಸೈಕಲ್ ತಳ್ಳಿಕೊಂಡು ಹೊರಟೇ ಹೋದರು. ಯಾವಾಗ ಮಾತು ನಿಲ್ಲಿಸಬೇಕೆಂದು ಬಲ್ಲವರು ವ್ಯಾಪಾರಕ್ಕೆ ಇಳಿದಿದ್ದರೆ ನನ್ನಂಥವರು ಅಂಗಡಿ ಮುಚ್ಚಬೇಕಾಗುತ್ತಿತ್ತು.

ತಿಂಗಳಿಗೊಮ್ಮೆ ನಾನು ಮೆಣಸು ಕೊಳ್ಳಲು ಬಿಕ್ಕೋಡಿನ ಕಡೆ ಪಿಕಪ್ ಗಾಡಿಯಲ್ಲಿ ಹೋಗುತ್ತೇನೆ. ಅಲ್ಲಿನ ಕಾಫಿ ತೋಟಗಳಲ್ಲಿ ಕೂಲಿಯವರಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆಗಳಲ್ಲಿ ಅವರ ಸಭೆಯ ಕೆಲವು ಕುಟುಂಬಗಳಿದ್ದವು. ಎರಡು ಬಸ್ ಬದಲಿಸಿ ಹೋಗುತ್ತಿದ್ದ ಅಯ್ಯನವರನ್ನು ನಾನೇ ಕೂರಿಸಿಕೊಂಡು ಹೋಗತೊಡಗಿದೆ. ಹಳೇಬೀಡಿನಲ್ಲಿ ತಿಂಡಿಗೆ ನಿಲ್ಲಿಸುತ್ತಿದ್ದೆವು. ಒಮ್ಮೆ ತಿಂಡಿ ಮುಗಿಸಿ ನೋಡಿದರೆ ಮನುಷ್ಯ ನಾಪತ್ತೆ. ಹುಡುಕಿಕೊಂಡು ಹೋದರೆ ದೇವಸ್ಥಾನದ ಹೊರಗೋಡೆಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ತಳದ ಸಾಲಿನ ಆನೆಗಳನ್ನು ನೋಡುತ್ತಿದ್ದಾರೆ. ಪಕ್ಕದಲ್ಲಿ ಒಬ್ಬ ಗೈಡು, ಕೋಲು ಮೇಲೆತ್ತಿಕೊಂಡು.

“ಸ್ವಾಮಿ, ಮೇಲೆ ನೋಡಿ, ನಾಟ್ಯ ಮಾಡೋರು ಅವ್ರೆ, ಒಡವೆ ನೋಡಿ. ಕೆಳಗೆ ಬರೀ ಆನೆ.”

“ಬರೀ ಆನೆನಾ?”

“ಸುತ್ತಾ ಅದೇ.”

“ಇವು ಎದ್ದು ಹೋದ್ರೆ?”

ಗೈಡು ಸ್ವಲ್ಪ ಯೋಚಿಸಿದ. “ನನ್ ಕೆಲ್ಸಾನೂ ಹೋಯ್ತದೆ ಬುಡಿ.”

ಗಾಡಿ ಹತ್ತಿದ ಮೇಲೂ ಬೇಲೂರಿನವರೆಗೆ ಅಯ್ಯನವರ ಭುಜ ಕುಣಿಯುತ್ತಲೇ ಇತ್ತು.

ಅವರು ಅಷ್ಟು ದೂರ ಹೋಗುತ್ತಿದ್ದುದು ಎಲ್ಲರ ಮನೆಗೂ ಹೌದು, ಆದರೆ ಮುಖ್ಯವಾಗಿ ಒಂದು ಮನೆಗೆ. ರೂತಮ್ಮ ಎಂಬ ವಿಧವೆಯ ಮನೆಗೆ. ಆಯಮ್ಮ ಹುಟ್ಟಿದ್ದು ಅರಸೀಕೆರೆಯ ರೈಲ್ವೆ ಕಾಲೋನಿಯಲ್ಲಿ, ಮದುವೆಯಾದದ್ದು ಇದೇ ಚರ್ಚಿನಲ್ಲಿ, ತೋಟದ ಕೆಲಸಕ್ಕೆ ಸೇರಿದ ಮೇಲೂ ಹಬ್ಬ ಎಂದರೆ ಇಲ್ಲಿಗೇ ಬರುತ್ತಿದ್ದರು. ಇದ್ದೊಬ್ಬ ಮಗ ತೋಟದ ಮೆಣಸಿನ ಚೀಲ ಕದ್ದು ಸಿಕ್ಕಿಬಿದ್ದು ಜೈಲು ಕಂಡ. ಹೊರಗೆ ಬಂದವನು ಊರಿಗೆ ಬರಲಿಲ್ಲ. ರೂತಮ್ಮ ಅಂದಿನಿಂದ ಚರ್ಚಿಗೆ ಬರುವುದನ್ನು ನಿಲ್ಲಿಸಿ ಎರಡು ವರ್ಷವಾಗಿತ್ತು. ಆಯಮ್ಮನನ್ನು ಒಮ್ಮೆ ಆ ಗೇಟಿನ ಒಳಗೆ ನೋಡಬೇಕು, ಅಯ್ಯನವರಿಗೆ ಇದ್ದ ಆಸೆ ಅದೊಂದೇ. ಬೇರೇನನ್ನೂ ಅವರು ಆಸೆಪಟ್ಟದ್ದು ನನಗೆ ಗೊತ್ತಿಲ್ಲ.

ರೂತಮ್ಮ ಸುಲಭದ ಗಿರಾಕಿಯಲ್ಲ. “ಬನ್ನಿ ಅಯ್ನೋರೆ, ಕೂತ್ಕಳಿ,” ಎನ್ನುತ್ತಿದ್ದರು, “ಚರ್ಚ್ ಇಚಾರ ಎತ್ತಿದ್ರೆ ಕಾಫಿ ಇಲ್ಲ.”

“ಕಾಫಿ ಕುಡಿದ ಮೇಲೆ ಎತ್ತಬಹುದಾ?”

“ಲೋಟ ತೊಳೆಯಕ್ಕೆ ನಾನ್ ಆಚೆ ಹೋದಾಗ ಎತ್ಕಳಿ. ಈ ಸಾವ್ಕಾರ್ರಿಗೆ ಹೇಳಿ.”

ಹೀಗೆ ತಿಂಗಳುಗಟ್ಟಲೆ ನಡೆಯಿತು. ಒತ್ತಾಯ ಎಂಬುದು ಅವರ ಬಾಯಲ್ಲಿ ಬರಲೇ ಇಲ್ಲ. ಕಾಫಿ ಕುಡಿಯುವುದು, ಹಿತ್ತಲಿನ ಕುಂಬಳದ ಬಳ್ಳಿ ನೋಡುವುದು, ಮಗನಿಂದ ಫೋನು ಬಂತಾ ಎಂದು ಕೇಳುವುದು, ಏಳುವುದು. ಕೊನೆಗೆ ಒಂದು ಸಲ ಆಯಮ್ಮನೇ ಕೇಳಿದರು: “ಸುಗ್ಗಿ ಹಬ್ಬ ಯಾವತ್ತು ಅಯ್ನೋರೆ?”

ಅಯ್ಯನವರು ದಿನ ಹೇಳಿದರು, ಅಷ್ಟೆ. ಗಾಡಿಯಲ್ಲಿ ಮಾತ್ರ ಕಿಟಕಿಯಾಚೆ ನೋಡುತ್ತ ಕನ್ನಡಕವನ್ನು ಮೂರು ಸಲ ಒರೆಸಿದರು.

ಸುಗ್ಗಿ ಹಬ್ಬ ಎಂದರೆ, ತಿಳಿಯದವರಿಗೆ ಹೇಳುತ್ತೇನೆ, ಸಭೆಯವರು ತಮ್ಮ ಮನೆಯಲ್ಲಿ ಬೆಳೆದದ್ದನ್ನೋ ಮಾಡಿದ್ದನ್ನೋ ಕಾಣಿಕೆಯಾಗಿ ತರುತ್ತಾರೆ. ಬಾಳೆಗೊನೆ, ರಾಗಿ, ಕೋಳಿ, ಉಪ್ಪಿನಕಾಯಿ, ನರ್ಸಮ್ಮಂದಿರು ಮಾಡಿದ ಕೇಕು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವನ್ನು ಹರಾಜು ಹಾಕುತ್ತಾರೆ. ಪ್ರತಿ ವರ್ಷ ಕೂಗುತ್ತಿದ್ದವರು ಸಭೆಯ ಹಿರಿಯರು, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಎಲ್ಲರೂ ಅವರನ್ನು ಗಾರ್ಡ್ ಸಾರ್ ಎನ್ನುತ್ತಾರೆ. ಆ ವರ್ಷ ಅವರ ಗಂಟಲು ಕಟ್ಟಿತ್ತು. “ನೀವು ಬಂದು ಕೂಗಿಕೊಡಿ ಸಾವ್ಕಾರ್ರೆ, ನಿಮ್ಮ ಗಂಟಲು ಸ್ಟೇಷನ್ ತನಕ ಕೇಳುತ್ತೆ” ಎಂದು ಅಯ್ಯನವರು ಕರೆದರು. ನನಗೆ ಹೆಮ್ಮೆಯಾಯಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ಚೆನ್ನಾಗಿಯೇ ಕೂಗಿದೆ, ಅದರಲ್ಲಿ ಸುಳ್ಳಿಲ್ಲ. “ಮೇಷ್ಟ್ರೆ, ಈ ಗೊನೆ ಬಿಟ್ರೆ ಮನೇಲಿ ಏನು ಹೇಳ್ತೀರಿ? ಪಕ್ಕದ ಮನೆಯವ್ರು ಕೂಗೇಬಿಟ್ರು ನೋಡಿ.” ಒಬ್ಬರ ಮರ್ಯಾದೆಯನ್ನು ಇನ್ನೊಬ್ಬರ ಮರ್ಯಾದೆಗೆ ಉಜ್ಜಿ ಬೆಂಕಿ ಹೊತ್ತಿಸುವುದು ನನ್ನ ಕಸುಬು. ಒಂದು ನಾಟಿ ಕೋಳಿ ಎಂದೂ ಕಾಣದ ಬೆಲೆ ಕಂಡಿತು. ಜನ ನಕ್ಕರು, ಚಪ್ಪಾಳೆ ತಟ್ಟಿದರು.

ಬಿಸಿಲೇರಿತು. ಚಿಲ್ಲರೆ ಸಾಮಾನು ಉಳಿದಿತ್ತು. ನಾಲ್ಕು ನಿಂಬೆಹಣ್ಣು, ಒಂದು ಕಟ್ಟು ಸೊಪ್ಪು, ಒಂದು ಕುಂಬಳಕಾಯಿ, ಎರಡು ಹಿಡಿ ಅವರೆಕಾಯಿ. ಮಂಡಿಯಲ್ಲಿ ನಾವು ಏನು ಮಾಡುತ್ತೇವೆ? ಸಣ್ಣದನ್ನೆಲ್ಲ ಒಟ್ಟು ಹಾಕಿ ಗುಡ್ಡೆ ಮಾಡಿ ಒಂದೇ ಕೂಗಿಗೆ ಕೊಟ್ಟುಬಿಡುತ್ತೇವೆ. ಹಾಗೇ ಮಾಡಿದೆ. ಒಂದೊಂದರ ಮೇಲೂ ಚೀಟಿ ಅಂಟಿಸಿದ್ದರು, ಅವನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ದೊಡ್ಡ ಸಾಮಾನಿನ ಚೀಟಿಗಳನ್ನು ಗಾರ್ಡ್ ಸಾರ್ ನನ್ನ ಪಕ್ಕದಲ್ಲಿ ನಿಂತು ಒಡೆದ ಗಂಟಲಲ್ಲಿ ಏನೋ ಓದುತ್ತಿದ್ದರು, ಜನ ಅದಕ್ಕೆ ಒಂದು ಮಾತು ಸೇರಿಸುತ್ತಿದ್ದರು. ನಾನು ಕಿವಿಗೊಟ್ಟಿರಲಿಲ್ಲ, ಅಷ್ಟು ಹೊತ್ತಿಗೆ ಅವರೂ ನೀರು ಕುಡಿಯಲು ಹೋಗಿದ್ದರು. “ಇದೊಂದು ಗುಡ್ಡೆ, ಹಾಸ್ಟೆಲ್ ಸಾಂಬಾರಿಗೆ ಆಯ್ತದೆ, ಯಾರಾದ್ರೂ ಎತ್ಕಳಿ” ಎಂದು ಕೂಗಿ ಮುಗಿಸಿದೆ.

ಅಯ್ಯನವರು ಅಡುಗೆಯವರನ್ನು ನೋಡಿಕೊಂಡು ಹೊರಗೆ ಬಂದರು. “ರೂತಮ್ಮನ ಹೆಸರು ಕೂಗಿದ್ರಾ?”

“ಯಾವ ಹೆಸರು?”

“ಕುಂಬಳಕಾಯಿ ತಂದಿದ್ರಲ್ಲ.”

ಜೇಬಿನ ಚೀಟಿಗಳನ್ನು ತೆಗೆದೆ. ನೀಲಿ ಪೆನ್ನಿನಲ್ಲಿ, ಮಕ್ಕಳ ಅಕ್ಷರದಂತೆ, ‘ರೂತಮ್ಮ ಬಿಕ್ಕೋಡು’ ಎಂದಿತ್ತು. ಗಾರ್ಡ್ ಸಾರ್ ಹೇಳಿದರು, “ಆಯಮ್ಮ ಆ ಜಗಲಿ ಕಂಬದ ಹತ್ರಾನೇ ನಿಂತಿದ್ರು. ಈಗ ಹೋದ್ರಲ್ಲ, ಊಟಾನೂ ಮಾಡ್ಲಿಲ್ಲ.” ಕೂಗುವ ಭರದಲ್ಲಿ ನಾನು ಅತ್ತ ನೋಡಿಯೇ ಇರಲಿಲ್ಲ.

ಅಯ್ಯನವರು ಸೈಕಲ್ ಹತ್ತಿದ್ದನ್ನು ನಾನು ನೋಡಿದ್ದು ಆ ದಿನ ಮಾತ್ರ. ಬಿಳಿ ನಿಲುವಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತಿರಲು, ಬಸ್ ಸ್ಟ್ಯಾಂಡಿನ ಕಡೆ ತುಳಿದರು. ಜನ ನಕ್ಕರು. ನನಗೆ ನಗು ಬರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಸೈಕಲ್ ತಳ್ಳಿಕೊಂಡು ಬಂದರು. ಹಳೇಬೀಡಿನ ಬಸ್ಸು ಹೊರಟುಹೋಗಿತ್ತು.

ಸಂಜೆ, ಶಾಮಿಯಾನ ಬಿಚ್ಚುವವರು ಬಿಚ್ಚುತ್ತಿರುವಾಗ, ಚರ್ಚಿನ ಮೆಟ್ಟಿಲ ಮೇಲೆ ಇಬ್ಬರೂ ಕುಳಿತೆವು. ಆಗ ನನಗೆ ಪದ್ಧತಿ ತಿಳಿಯಿತು. ಸಾಮಾನು ಎಷ್ಟೇ ಚಿಕ್ಕದಿರಲಿ, ಕೊಟ್ಟವರ ಹೆಸರನ್ನು ಮೊದಲು ಕೂಗಬೇಕು. ಸಭೆಯವರೆಲ್ಲ “ವಂದನೆ” ಎನ್ನಬೇಕು. ಬೆಲೆ ಆಮೇಲೆ.

“ಹೆಸರು ಕೂಗೋದೇ ಹಬ್ಬ ಸಾವ್ಕಾರ್ರೆ. ಹರಾಜು ಸುಮ್ನೆ ಅದರ ಬಾಲ.”

“ಮೊದಲೇ ಹೇಳಬಾರದಿತ್ತಾ?”

“ಹೇಳಬೇಕಿತ್ತು. ತಪ್ಪು ನನ್ನದು.”

ಬೈದಿದ್ದರೆ ಚೆನ್ನಾಗಿತ್ತು. ಬೈದರೆ ವಾದ ಮಾಡಬಹುದು, ಅರ್ಧಕ್ಕೆ ಇಳಿಸಬಹುದು. ತಪ್ಪನ್ನೆಲ್ಲ ಅವರೇ ಎತ್ತಿಕೊಂಡರೆ ನಾನು ಏನು ಮಾಡಲಿ? ಅವರು ಎರಡೂ ಅಂಗೈಗಳನ್ನು ಮುಂದೆ ಚಾಚಿ, ಏನನ್ನೋ ತೂಗುವವರಂತೆ ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರು.

“ಅವತ್ತು ಅರ್ಧ ಹೇಳಿದ್ದೆ. ಇನ್ನರ್ಧ ಕೇಳಿ. ಯೆಹೂದ್ಯರ ಪಂಡಿತರು ತಮ್ಮ ಪುಸ್ತಕಗಳನ್ನ ಗ್ರೀಕಿಗೆ ತರೋವಾಗ ಅವರ ಭಾಷೇಲಿ ಒಂದು ಪದ ಇತ್ತು, ಕಾವೋದ್ ಅಂತ. ಅದರ ಬೇರು ಭಾರ. ತೂಕ. ದೇವರ ಕಾವೋದ್ ಇಳೀತು ಅಂದ್ರೆ ತಡ್ಕೊಳ್ಳೋಕೆ ಆಗದಂಥದ್ದೇನೋ ಇಳೀತು ಅಂತ. ಅದಕ್ಕೆ ಗ್ರೀಕಲ್ಲಿ ಯಾವ ಪದ ಹಾಕ್ಲಿ ಅಂತ ಹುಡುಕಿ ಅವರು ದೊಕ್ಸ ಹಾಕಿದ್ರು. ಜನ ಏನಂತಾರೆ ಅನ್ನೋ ಪದದೊಳಗೆ ಭಾರ ತುಂಬಿಬಿಟ್ರು. ಯೇಸುವಿನ ಕಥೆ ಇರೋ ಹೊಸ ಒಡಂಬಡಿಕೆಗೆ ಬರೋ ಹೊತ್ತಿಗೆ ಆ ಪದ ಹಳೇ ಗ್ರೀಕನಿಗೆ ಗುರುತೇ ಸಿಗದ ಹಂಗೆ ಆಗಿತ್ತು.”

ನನ್ನ ಬಾಯಿ ಸುಮ್ಮನಿರುತ್ತದೆಯೇ? “ತೂಕಾನ ನಂಬಬೇಡಿ ಅಯ್ಯನವರೇ. ನೀರು ಕುಡಿದ ಕೊಬ್ಬರೀಗೂ ತೂಕ ಇರ್ತದೆ. ಎಷ್ಟೋ ಜನ ನನಗೆ ಹಂಗೇ ಟೋಪಿ ಹಾಕವ್ರೆ.”

“ಅದಕ್ಕೆ ಏನು ಮಾಡ್ತೀರಿ?”

“ಬಿಸಿಲಿಗೆ ಹಾಕ್ತೀವಿ. ಒಣಗಿದ ಮೇಲೆ ಎಷ್ಟು ಉಳೀತದೋ ಅದು ತೂಕ.”

ಅಯ್ಯನವರು ನನ್ನನ್ನೇ ನೋಡಿದರು. ಅವರ ಕಣ್ಣು ತುಂಬಿತ್ತು. ನೋಟ್‌ಬುಕ್ಕು ತೆಗೆಯಲಿಲ್ಲ. “ಯೋಹಾನ ಅಂತ ಒಬ್ಬ ಬರೀತಾನೆ ಸಾವ್ಕಾರ್ರೆ. ಯೇಸುವನ್ನ ಎಲ್ಲಾರೂ ಬಿಟ್ಟು ಹೋಗಿ, ಹೆಸರು ಮಣ್ಣಾಗಿ, ಬೆನ್ನ ಮೇಲೆ ಮರದ ತೊಲೆ ಹೊತ್ತು ಹೋಗೋ ಹೊತ್ತಿದೆಯಲ್ಲ, ಆ ಹೊತ್ತನ್ನೇ ಅವನು ಮಹಿಮೆ ಅಂತಾನೆ. ಜನರ ರೇಟು ಸೊನ್ನೆ ಇದ್ದಾಗ. ನಲವತ್ತು ವರ್ಷ ಇದನ್ನ ಪ್ರಸಂಗ ಮಾಡಿದೀನಿ. ಇವತ್ತು ಅಂಥ ಒಬ್ಬರು ನಮ್ಮ ಅಂಗಳಕ್ಕೆ ಬಂದು ಕಂಬದ ಪಕ್ಕ ನಿಂತಿದ್ರು. ನಾನು ಸಾರಿಗೆ ಉಪ್ಪು ನೋಡ್ತಿದ್ದೆ.”

ಮರುವಾರ ನಾನೇ ಹೇಳಿದೆ, ನಡೀರಿ ಬಿಕ್ಕೋಡಿಗೆ ಎಂದು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ವ್ಯಾಪಾರ ಜೋಡಿಸಿಕೊಂಡಿದ್ದೆ. ರೂತಮ್ಮ ಬಾಗಿಲಲ್ಲೇ ಇದ್ದರು. ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

“ಅಮ್ಮ, ಆ ದಿನ ನನ್ನಿಂದ ತಪ್ಪಾಯ್ತು,” ಎಂದು ಶುರು ಮಾಡಿದೆ. “ನಿಮ್ಮ ಹಿತ್ತಲಲ್ಲಿರೋ ಕುಂಬಳಕಾಯಿ ಎಲ್ಲಾ ನಾನೇ ತಗೋತೀನಿ. ನೀವು ಹೇಳಿದ್ದೇ ರೇಟು. ಮಾತಾಡಲ್ಲ.”

ಆಯಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಮಾರಕ್ಕೆ ತಂದಿದ್ನಾ ನಾನು?”

“ಅಲ್ಲ, ನಾನು ಹೇಳಿದ್ದು...”

“ನನ್ ಮಗ ಕದ್ದಾಗ ಇಡೀ ಲೈನು ನನ್ ಹೆಸ್ರು ಕೂಗ್ತು ಸಾವ್ಕಾರ್ರೆ. ಪೊಲೀಸ್ನೋರು ಕೂಗುದ್ರು, ತೋಟದ ಲೆಕ್ಕ ಬರೆಯೋ ರೈಟ್ರು ಕೂಗುದ್ರು. ರೂತಮ್ಮನ ಮಗ, ರೂತಮ್ಮನ ಮಗ. ಒಳ್ಳೇದುಕ್ಕೆ ಒಂದ್ ಸಲ ಕೂಗ್ಲಿ ಅಂತ ಬಂದಿದ್ದೆ. ಎರಡ್ ಬಸ್ ಹತ್ತಿ, ಆ ಕಾಯಿನ ತೊಡೆ ಮ್ಯಾಲೆ ಇಕ್ಕಂಡು ಬಂದಿದ್ದೆ. ನೀವು ಸಾಂಬಾರ್ಗೆ ಆಯ್ತದೆ ಅಂದ್ರಿ.”

ನಾನು ಅಯ್ಯನವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಜೀವನದಲ್ಲಿ ಮೊದಲ ಸಲ ಹಿಂದೆಮುಂದೆ ಏನೂ ಸೇರಿಸದೆ “ತಪ್ಪಾಯ್ತಮ್ಮ” ಎಂದೆ.

“ಆಯ್ತು ಬುಡಿ,” ಎಂದರು. ಒಳಗೆ ಹೋಗಿ ಕಾಫಿ ತಂದರು. ಲೋಟ ಕೈಗೆ ಕೊಡುವಾಗ ಅಯ್ಯನವರಿಗೆ ಹೇಳಿದರು, “ನಿಮ್ ಮ್ಯಾಲೆ ಸಿಟ್ಟಿಲ್ಲ ಅಯ್ನೋರೆ. ಆದ್ರೆ ಆ ಗೇಟು ಇನ್ ನಾನು ದಾಟಕ್ಕಿಲ್ಲ. ನೀವು ಬನ್ನಿ, ಕಾಫಿ ಕುಡೀರಿ, ಹೋಗಿ. ನಾನ್ ಬರಲ್ಲ.”

ವಾಪಸು ಬರುವಾಗ ಜಾವಗಲ್ ದಾಟುವವರೆಗೂ ತಡೆದುಕೊಂಡೆ. ಆಮೇಲೆ ಕೇಳಿಯೇಬಿಟ್ಟೆ. “ನೀವು ಒಂದು ಮಾತು ಆಡಿದ್ರೆ ಒಪ್ತಿದ್ರು. ಯಾಕೆ ಸುಮ್ಮನಿದ್ರಿ?”

“ಒಪ್ಪಿಸೋಕೆ ಹೋದ್ರೆ ನಾನೂ ಹರಾಜು ಕೂಗಿದಂಗೆ ಆಗುತ್ತೆ,” ಎಂದರು.

ಮುಂದಿನ ವರ್ಷದ ಹಬ್ಬದಲ್ಲೂ ನನ್ನನ್ನೇ ಕರೆದರು. ಒಂದು ನಿಂಬೆಹಣ್ಣಿಗೂ ಹೆಸರು ಕೂಗಿದೆ. ರೂತಮ್ಮ ಬಂದಿರಲಿಲ್ಲ. ಅದರ ಮುಂದಿನ ವರ್ಷ ಅಯ್ಯನವರಿಗೆ ಹೃದಯದ ತೊಂದರೆ ಶುರುವಾಗಿ ಪ್ರಯಾಣ ಬೇಡ ಎಂದರು ಡಾಕ್ಟರು. ಬಿಕ್ಕೋಡಿನಿಂದ ಬಂದ ದಿನ ನಾನು ಅವರ ಮನೆಗೆ ಹೋಗಿ ವರದಿ ಒಪ್ಪಿಸಬೇಕಿತ್ತು.

“ರೂತಮ್ಮ ಹೇಗಿದ್ದಾರೆ?”

“ಕಾಫಿ ಕೊಟ್ರು.”

“ಸಕ್ಕರೆ ಹಾಕಿದ್ರಾ?”

“ಹಾಕಿದ್ರು.”

“ಹಾಗಾದ್ರೆ ಪರವಾಗಿಲ್ಲ.”

ಇಷ್ಟೇ. ಬರುತ್ತಾರಾ ಎಂದು ಅವರು ಕೇಳುತ್ತಿರಲಿಲ್ಲ. ಕೊನೆಕೊನೆಗೆ, ಹಾಸಿಗೆ ಹಿಡಿದ ಮೇಲೆ, ಒಂದು ಸಲ ಕೇಳಿದರು. ಬೆಲೆ ವಿಷಯದಲ್ಲಿ ಹತ್ತು ಬಗೆಯಲ್ಲಿ ಸುಳ್ಳು ಹೇಳಬಲ್ಲ ನನಗೆ ಆ ಹೊತ್ತಿನಲ್ಲಿ ಒಂದೂ ಬರಲಿಲ್ಲ. “ಗೊತ್ತಿಲ್ಲ ಅಯ್ಯನವರೇ,” ಎಂದೆ.

“ಹ್ಞೂಂ,” ಎಂದು ನನ್ನ ಕೈ ತಟ್ಟಿದರು. “ಸರಿಯಾದ ಬೆಲೆ ಹೇಳಿದ್ರಿ.”

ಒಂಬತ್ತು ದಿನದ ಮೇಲೆ ಹೋದರು. ನಾನು ಬಿಕ್ಕೋಡಿನ ಅಂಗಡಿಯೊಂದಕ್ಕೆ ಫೋನು ಮಾಡಿ ರೂತಮ್ಮನಿಗೆ ಸುದ್ದಿ ಮುಟ್ಟಿಸಲು ಹೇಳಿದೆ. ಬನ್ನಿ ಎಂದು ಹೇಳಿಸಲಿಲ್ಲ. ಅದನ್ನು ಹೇಳುವ ಯೋಗ್ಯತೆ ನನಗಿರಲಿಲ್ಲ.

ಮರುದಿನ ಮಧ್ಯಾಹ್ನ ಚರ್ಚು ತುಂಬಿ ಅಂಗಳದವರೆಗೂ ಜನ. ಮಾತಾಡಿದವರೆಲ್ಲ ಅವರು ಮಹಿಮೆಗೆ ಸೇರಿದರು ಎಂದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು, ಯಾವ ಭಾಗ ಎಂದು ಇವರನ್ನು ಯಾರು ಕೇಳುತ್ತಾರೆ ಎಂದುಕೊಂಡೆ. ಪ್ರಾರ್ಥನೆ ಮುಗಿದು ಪೆಟ್ಟಿಗೆಯನ್ನು ಮೆಟ್ಟಿಲಿಳಿಸಿ ಅಂಗಳದಲ್ಲಿ ಬೆಂಚಿನ ಮೇಲೆ ಇಟ್ಟರು. ಸಮಾಧಿ ಜಾಗ ರೈಲು ಹಳಿಯ ಆಚೆ, ಅಲ್ಲಿಯವರೆಗೂ ಹೆಗಲ ಮೇಲೆ ಒಯ್ಯಬೇಕು. ಗಾರ್ಡ್ ಸಾರ್ ಆರು ಜನರನ್ನು ಗೊತ್ತುಮಾಡಿದ್ದರು. “ನಮ್ಮವರಲ್ಲ ಅಂತ ಯಾರೂ ಅನ್ನಲ್ಲ, ನೀವೂ ಬನ್ನಿ” ಎಂದು ನನ್ನನ್ನು ಎಡಗಡೆ ಮುಂದೆ ನಿಲ್ಲಿಸಿದರು.

ಎತ್ತಬೇಕು ಎನ್ನುವಾಗ ಗೇಟಿನ ಹತ್ತಿರ ಜನ ಅತ್ತಿತ್ತ ಸರಿದರು. ರೂತಮ್ಮ ಗೇಟು ದಾಟಿ ಬಂದರು. ನಿಲ್ಲಲಿಲ್ಲ, ಯಾರನ್ನೂ ನೋಡಲಿಲ್ಲ. ಕಂಬದ ಕಡೆಗೂ ಹೋಗಲಿಲ್ಲ. ಅಂಗಳದ ನಟ್ಟನಡುವೆ ನೇರ ನಡೆದು ಬಂದು ನನ್ನ ಪಕ್ಕ ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಜರುಗಿ ಸಾವ್ಕಾರ್ರೆ.”

ಗಾರ್ಡ್ ಸಾರ್ ಮುಂದೆ ಬಂದರು. “ಅಮ್ಮಾ, ಹೆಂಗಸರು ಹೊರೋ ವಾಡಿಕೆ ಇಲ್ಲ. ಆರು ಜನರ ಹೆಸರು ಆಗಲೇ ಹೇಳಿದೀವಿ.”

ಅಂಗಳದಲ್ಲಿ ಪಿಸುಮಾತು ಎದ್ದಿತು. ಮೆಣಸು ಎಂಬ ಮಾತು ನನ್ನ ಕಿವಿಗೂ ಬಿತ್ತು. ನನಗೆ ಏನನ್ನಿಸಿತೋ, ಕತ್ತೆತ್ತಿ, ಇದ್ದಷ್ಟು ಗಂಟಲಿನಿಂದ ಕೂಗಿದೆ.

“ರೂತಮ್ಮ. ಬಿಕ್ಕೋಡು.”

ಗಾರ್ಡ್ ಸಾರ್ ನನ್ನ ಮುಖ ನೋಡಿದರು, ಆಯಮ್ಮನ ಮುಖ ನೋಡಿದರು. ಆಮೇಲೆ ಅವರೇ ಮೊದಲು, ಮೆಲ್ಲಗೆ, “ವಂದನೆ” ಎಂದರು. ಹಿಂದಿನಿಂದ ಒಬ್ಬೊಬ್ಬರಾಗಿ ಎಲ್ಲರೂ ಎಂದರು.

“ಅಷ್ಟು ಜೋರಾಗಿ ಯಾಕ್ ಕೂಗ್ತೀರಿ,” ಎಂದು ರೂತಮ್ಮ ನನ್ನನ್ನು ಗದರಿದರು. “ಅಯ್ನೋರು ಮಲಗವ್ರೆ.”

ನಾನು ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟೆ. ಪೆಟ್ಟಿಗೆ ಎತ್ತಿದೆವು. ಆಯಮ್ಮ ಕುಳ್ಳು. ಪೆಟ್ಟಿಗೆ ಆ ಮೂಲೆಗೆ ವಾಲಿ ಭಾರವೆಲ್ಲ ಅವರ ಕಡೆಗೇ ಹರಿಯಿತು. ಹಿಂದಿದ್ದ ನನಗೆ ಅವರ ಕತ್ತಿನ ನರ ಉಬ್ಬಿದ್ದು ಕಾಣುತ್ತಿತ್ತು.

“ತೂಕ ಐತಮ್ಮ,” ಎಂದೆ.

“ಐತೆ,” ಎಂದರು. “ಗೊತ್ತು. ನಡೀರಿ.”